ಮೂವತ್ತು ಡಾಲರ್‌ನ ಗುಂಡಿನ ಅಚ್ಚು: ದುಡ್ಡಿಗೆ ತಕ್ಕ ಮಾಲಾ, ಬರೀ ತಲೆನೋವಾ?

ತಿಪಟೂರು_ಟು_ಓಹಾಯೊ:
ಎಲ್ಲರಿಗೂ ನಮಸ್ಕಾರ. ಭಾನುವಾರ ರೇಂಜ್‌ಗೆ ಹೋಗಿ .38 ಸ್ಪೆಷಲ್ ರಿವಾಲ್ವರ್‌ನಲ್ಲಿ ಪೇಪರ್ ಟಾರ್ಗೆಟ್‌ಗೆ ಹೊಡೆಯುವುದು ನನ್ನ ಹವ್ಯಾಸ. ಹೋದ ವರ್ಷ ರೀಲೋಡಿಂಗ್, ಅಂದರೆ ಹೊಡೆದ ತೋಟಾಗಳ ಖಾಲಿ ಕೋಶವನ್ನು ಮತ್ತೆ ತುಂಬುವುದು, ಶುರು ಮಾಡಿದೆ. ಈಗ ಗುಂಡನ್ನೂ ನಾನೇ ಎರಕ ಹೊಯ್ಯೋಣ ಅಂತ ಎರಡು ಗುಳಿಯ, ಅಂದರೆ ಒಂದು ಸಲಕ್ಕೆ ಎರಡು ಗುಂಡು ಹೊಯ್ಯುವ, ಅಲ್ಯೂಮಿನಿಯಂ ಅಚ್ಚು ತಂದೆ. ಹಿಡಿಯೂ ಸೇರಿ ಮೂವತ್ತು ಡಾಲರ್ ಚಿಲ್ಲರೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ತಪ್ಪು ಅಚ್ಚಿನದೋ ನನ್ನದೋ ಗೊತ್ತಾಗದೆ ಹೆಸರು ಎತ್ತುವುದು ಸರಿಯಲ್ಲ, ಅಲ್ವಾ?

ಮೊನ್ನೆ ಗ್ಯಾರೇಜ್ ಬಾಗಿಲು ತೆಗೆದಿಟ್ಟು ಕೂತೆ. ಅರವತ್ತು ಗುಂಡು ಹೊಯ್ದೆ. ಅದರಲ್ಲಿ ಒಂದೂ ನೆಟ್ಟಗಿಲ್ಲ. ಮೈಯೆಲ್ಲ ಒಣದ್ರಾಕ್ಷಿ ಥರ ಸುಕ್ಕು. ತಳದ ಅಂಚು ಚೂಪಾಗಿ ಬರುವ ಬದಲು ಸೋಪು ಸವೆದ ಹಾಗೆ ದುಂಡಗಾಗಿದೆ. ಮೈಕ್ರೋಮೀಟರ್ ಹಿಡಿದರೆ ಒಂದು .358 ಇಂಚು, ಪಕ್ಕದ್ದು .356. ಕೆಲವು ಅಚ್ಚಿನೊಳಗೇ ಕಚ್ಚಿಕೊಂಡವು, ಸ್ಕ್ರೂಡ್ರೈವರ್ ಹಿಡಿಯಲ್ಲಿ ಕುಟ್ಟಿ ಬಿಡಿಸಿದೆ.

ಇದನ್ನು ಕಸಕ್ಕೆ ಹಾಕಿ ನೂರು ಡಾಲರ್ ಮೇಲಿನ ಒಳ್ಳೆಯ ಅಚ್ಚು ತರಲಾ? ಅಗ್ಗದ ಮಾಲಿಗೆ ಇಷ್ಟೇ ಹಣೆಬರಹನಾ?

ಹಳೇಕುಲುಮೆ:
ಮೂರು ಪ್ರಶ್ನೆ. ಹೊಸ ಅಚ್ಚನ್ನು ತೊಳೆದಿರಾ? ಸೀಸ ಎಲ್ಲಿಂದ ತಂದಿರಿ? ಹೊಯ್ಯುವಾಗ ಬಿಸಿ ಎಷ್ಟಿತ್ತು?

ತಿಪಟೂರು_ಟು_ಓಹಾಯೊ:
ತೊಳೆದಿಲ್ಲ ಸರ್, ಪ್ಯಾಕೆಟ್ ಒಡೆದವನೇ ಶುರು ಮಾಡಿದೆ. ಸೀಸ ಟೈರ್ ಅಂಗಡಿಯವರು ಕೊಟ್ಟಿದ್ದು, ಚಕ್ರದ ಸಮತೋಲಕ್ಕೆ ಅಂಟಿಸುವ ಪಟ್ಟಿ ಥರದ ತೂಕಗಳು. ಥರ್ಮಾಮೀಟರ್ ಇಲ್ಲ. ಕರಗಿದ ತಕ್ಷಣ ಸೌಟಿನಲ್ಲಿ ತೆಗೆದು ಹೊಯ್ದೆ.

ಹಳೇಕುಲುಮೆ:
ಹಾಗಾದರೆ ಅಚ್ಚಿನ ಮೇಲೆ ಕೇಸ್ ಹಾಕಬೇಡಿ. ಅದಿನ್ನೂ ಕೋರ್ಟಿಗೇ ಬಂದಿಲ್ಲ.

ನಾನು ಪೀಣ್ಯದಲ್ಲಿ ಹನ್ನೊಂದು ವರ್ಷ ಡೈ ಮೇಕರ್ ಆಗಿದ್ದೆ. ಈಗ ಮಿಸೌರಿಯಲ್ಲಿದ್ದೇನೆ, ಗುಂಡು ಎರಕ ಹೊಯ್ಯಲು ಶುರು ಮಾಡಿ ಹದಿನೈದು ವರ್ಷವಾಯಿತು. ಹೇಳುವುದು ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ಎಣ್ಣೆ. ಹೊಸ ಅಚ್ಚಿನ ಗುಳಿಯಲ್ಲಿ ಮಿಷಿನ್ ಮಾಡುವಾಗಿನ ಎಣ್ಣೆಯ ತೆಳು ಪದರ ಇರುತ್ತದೆ. ಬಿಸಿ ಸೀಸ ತಾಗಿದರೆ ಅದು ಆವಿಯಾಗುತ್ತದೆ. ಆವಿ ಇದ್ದ ಕಡೆ ಸೀಸ ಗೋಡೆಗೆ ಹತ್ತುವುದಿಲ್ಲ, ಅಲ್ಲೇ ಸುಕ್ಕು ಬೀಳುತ್ತದೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಹಳೇ ಟೂತ್‌ಬ್ರಷ್ ತಗೊಂಡು ಚೆನ್ನಾಗಿ ಉಜ್ಜಿ. ಆಮೇಲೆ ಪೂರ್ತಿ ಒಣಗಬೇಕು. ಪೂರ್ತಿ ಅಂದರೆ ಪೂರ್ತಿ. ಕರಗಿದ ಸೀಸದ ಕೆಳಗೆ ಒಂದು ಹನಿ ನೀರು ಸಿಕ್ಕಿದರೂ ಅದು ಕ್ಷಣದಲ್ಲಿ ಹಬೆಯಾಗಿ ಹಿಗ್ಗುತ್ತದೆ, ಸೀಸ ಮುಖಕ್ಕೆ ಹಾರುತ್ತದೆ. ನನ್ನ ಗ್ಯಾರೇಜಿನ ಸೂರಿನಲ್ಲಿ ಇವತ್ತಿಗೂ ಬೆಳ್ಳಿ ಚುಕ್ಕೆಗಳಿವೆ. ಅವತ್ತು ಕನ್ನಡಕ ಹಾಕಿರದಿದ್ದರೆ ಇದನ್ನು ಬೇರೆಯವರ ಕೈಲಿ ಬರೆಸಬೇಕಿತ್ತು.

ಎರಡನೆಯದು ಬಿಸಿ. ಶುದ್ಧ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಅಂಟಿಸುವ ತೂಕಗಳು ಹೆಚ್ಚುಕಡಿಮೆ ಶುದ್ಧ ಸೀಸವೇ. ಕರಗಿದ ತಕ್ಷಣ ಹೊಯ್ದರೆ ಸೌಟಿನಿಂದ ಅಚ್ಚಿಗೆ ಬೀಳುವಷ್ಟರಲ್ಲೇ ಅದು ಗಟ್ಟಿಯಾಗಲು ಶುರು ಮಾಡಿರುತ್ತದೆ. ನಾನು 370ರಿಂದ 390ರ ನಡುವೆ ಹೊಯ್ಯುತ್ತೇನೆ. ಒಂದು ಥರ್ಮಾಮೀಟರ್ ತಗೊಳ್ಳಿ. ಅಚ್ಚಿಗಿಂತ ಮೊದಲು ತರಬೇಕಿದ್ದದ್ದು ಅದು.

ಇನ್ನು ಅಚ್ಚು. ಅದೂ ಕಾಯಬೇಕು. ನಿಮ್ಮ ಮನೆಯ ಪಡ್ಡು ಕಾವಲಿ ನೆನಪು ಮಾಡಿಕೊಳ್ಳಿ. ತಣ್ಣನೆಯ ಕಾವಲಿಗೆ ಹಿಟ್ಟು ಹೊಯ್ದು, ಎದ್ದು ಬರಲಿಲ್ಲ ಅಂತ ಕಾವಲಿ ಮಾಡಿದವನನ್ನು ಬೈಯುತ್ತೇವಾ? ನಾನು ಹಳೇ ಹಾಟ್‌ಪ್ಲೇಟ್ ಮೇಲೆ ಕಬ್ಬಿಣದ ತಗಡು ಇಟ್ಟು, ಸೀಸ ಕರಗುವ ತನಕ ಅಚ್ಚನ್ನು ಅದರ ಮೇಲೆ ಕೂರಿಸಿರುತ್ತೇನೆ. ಮೇಲಿನ ಕತ್ತರಿಸುವ ತಟ್ಟೆ, ಇಲ್ಲಿನವರು ಸ್ಪ್ರೂ ಪ್ಲೇಟ್ ಅನ್ನುತ್ತಾರಲ್ಲ, ಅದೂ ಕಾದಿರಬೇಕು. ಅದು ತಣ್ಣಗಿದ್ದರೆ ತಳದ ಅಂಚು ದುಂಡಗಾಗುವುದು ಗ್ಯಾರಂಟಿ. ಹೊಯ್ದ ಮೇಲೆ ತಟ್ಟೆ ಮೇಲಿನ ಸೀಸದ ಗುಡ್ಡೆ ಗಟ್ಟಿಯಾಗಲು ನಾಲ್ಕೈದು ಸೆಕೆಂಡ್ ಹಿಡಿದರೆ ಅಚ್ಚು ಹದಕ್ಕೆ ಬಂದಿದೆ ಅಂತ ಲೆಕ್ಕ. ಬಿದ್ದ ಕೂಡಲೇ ಗಟ್ಟಿಯಾದರೆ ಇನ್ನೂ ಕಾಯಬೇಕು. ಗುಂಡಿನ ಮೈ ಬೂದಿ ಹಚ್ಚಿದ ಹಾಗೆ ಮಂಕಾದರೆ ಬಿಸಿ ಜಾಸ್ತಿಯಾಗಿದೆ. ಮಂಕಾದರೆ ತೊಂದರೆಯಿಲ್ಲ, ಹೊಡೆಯಬಹುದು. ಸುಕ್ಕಾದರೆ ವಾಪಸ್ ಪಾತ್ರೆಗೆ.

ಮೂರನೆಯದು ತವರ. ಊರಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಲು ಬರುತ್ತಿದ್ದರಲ್ಲ, ಅದೇ ತವರ. ಸೀಸಕ್ಕೆ ನೂರಕ್ಕೆ ಎರಡರಷ್ಟು ಸೇರಿಸಿದರೆ ಸಾಕು, ಅದು ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ಹತ್ತು ಪೌಂಡ್ ಸೀಸಕ್ಕೆ ತೊಂಬತ್ತು ಗ್ರಾಂ. ನಲ್ಲಿ ಕೆಲಸದ ಸೀಸರಹಿತ ಬೆಸುಗೆ ಸುರುಳಿಯಲ್ಲಿ 95 ಭಾಗ ತವರ, 5 ಭಾಗ ಆಂಟಿಮನಿ ಇರುವ ಬಗೆ ಸಿಗುತ್ತದೆ. ಅದೇ ಆಗುತ್ತದೆ.

ಇವಿಷ್ಟೂ ಮಾಡಿ, ಆಮೇಲೂ ಕೆಟ್ಟರೆ ಅಚ್ಚನ್ನು ಬೈಯೋಣ. ನಾನೂ ಸೇರಿಕೊಳ್ಳುತ್ತೇನೆ.

ಇನ್ನೊಂದು. ಸ್ಕ್ರೂಡ್ರೈವರ್‌ನಲ್ಲಿ ಅಚ್ಚಿಗೆ ಕುಟ್ಟಿದಿರಾ, ಹಿಡಿಗೆ ಕುಟ್ಟಿದಿರಾ?

ತಿಪಟೂರು_ಟು_ಓಹಾಯೊ:
ಅಚ್ಚಿಗೇ. 😬

ಹಳೇಕುಲುಮೆ:
ಅಯ್ಯೋ. ಅಲ್ಯೂಮಿನಿಯಂ ಮೆತ್ತಗೆ. ಎರಡು ಹೋಳು ಸೇರುವ ಮುಖದಲ್ಲಿ ಒಂದು ಚಿಕ್ಕ ನೆಗ್ಗು ಬಿದ್ದರೂ ಅಚ್ಚು ಪೂರ್ತಿ ಮುಚ್ಚುವುದಿಲ್ಲ. ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ಅಲ್ಲಿ ಉಬ್ಬಿದ ಚೂರನ್ನು ಸಣ್ಣ ಎಣ್ಣೆಕಲ್ಲಿನಲ್ಲಿ ಮೆಲ್ಲಗೆ ಉಜ್ಜಿ. ಗುಳಿಯ ಅಂಚು ಮುಟ್ಟಬೇಡಿ. ಇನ್ನು ಮೇಲೆ ಕುಟ್ಟುವುದಿದ್ದರೆ ಮರದ ತುಂಡಿನಲ್ಲಿ, ಎರಡು ಹಿಡಿ ಸೇರುವ ಕೀಲಿನ ಮೇಲೆ ಮಾತ್ರ.

ಲೆಕ್ಕದಪುಸ್ತಕ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಚ್ಚು ಮೂವತ್ತು. ಕರಗಿಸುವ ಪಾತ್ರೆ, ಥರ್ಮಾಮೀಟರ್, ಹಾಟ್‌ಪ್ಲೇಟ್, ಕೈಗವಸು, ಕನ್ನಡಕ, ತವರ... ಇನ್ನೂರು ಡಾಲರ್ ದಾಟಿತು. ಅಗ್ಗದ ಅಚ್ಚಿಗೆ ಇಷ್ಟು ದೊಡ್ಡ ದಿಬ್ಬಣ ಬೇಕಾದರೆ ಅದು ಅಗ್ಗ ಹೇಗಾಗುತ್ತದೆ? ಎರಕದ ಗುಂಡು ರೆಡಿಮೇಡ್ ಡಬ್ಬಿಯಲ್ಲೇ ಸಿಗುತ್ತಲ್ಲ.

ಹಳೇಕುಲುಮೆ:
ಪಾತ್ರೆ, ಕನ್ನಡಕ ಎಲ್ಲ ದುಬಾರಿ ಅಚ್ಚಿಗೂ ಬೇಕು ಸ್ವಾಮಿ. ಅದನ್ನು ಈ ಬಡ ಅಚ್ಚಿನ ಖಾತೆಗೆ ಯಾಕೆ ಬರೆಯುತ್ತೀರಿ?

ತಿಪಟೂರು_ಟು_ಓಹಾಯೊ:
ಲೆಕ್ಕ ನಾನೂ ಹಾಕಿದ್ದೆ. ಒಂದು ಪೌಂಡ್ ಅಂದರೆ 7000 ಗ್ರೇನ್. ನನ್ನ ಗುಂಡು 148 ಗ್ರೇನ್. ಪೌಂಡಿಗೆ 47 ಗುಂಡು. ಪೌಂಡಿಗೆ ಎರಡು ಡಾಲರ್ ಕೊಟ್ಟು ತಂದರೂ ಗುಂಡಿಗೆ ನಾಲ್ಕೂಕಾಲು ಸೆಂಟ್. ನನಗೆ ಸೀಸ ಪುಕ್ಕಟೆ ಬಂತು. ಅಂಗಡಿಯಲ್ಲಿ ನಾನು ಕೊಡುತ್ತಿದ್ದದ್ದು ಗುಂಡಿಗೆ ಹನ್ನೆರಡು ಸೆಂಟ್. ಎರಡು ಸಾವಿರ ಗುಂಡಿಗೆ ಪಾತ್ರೆ ಪಗಡ ಎಲ್ಲದರ ಖರ್ಚು ಹುಟ್ಟುತ್ತದೆ ಅಂದುಕೊಂಡಿದ್ದೆ. ಗುಂಡು ಗುಂಡಿನ ಹಾಗೆ ಬಂದರೆ ತಾನೆ!

ಲೆಕ್ಕದಪುಸ್ತಕ:
ನಿಮ್ಮ ಸಮಯಕ್ಕೆ ಬೆಲೆ ಹಾಕಿಲ್ಲ.

ಶಾರದಕ್ಕ_ಟೆಕ್ಸಾಸ್:
ಹವ್ಯಾಸಕ್ಕೆ ಗಂಟೆ ಲೆಕ್ಕ ಹಾಕಿದರೆ ಯಾರೂ ವೀಣೆ ಕಲಿಯುತ್ತಿರಲಿಲ್ಲ, ಬಿಡಿ.

ನನ್ನ ಹತ್ತಿರ ಅಲ್ಯೂಮಿನಿಯಂ, ಕಬ್ಬಿಣ, ಹಿತ್ತಾಳೆ ಮೂರೂ ಅಚ್ಚುಗಳಿವೆ. ಮ್ಯಾಚ್‌ಗಳಿಗೆ ಹೋಗುತ್ತೇನೆ, ತಿಂಗಳಿಗೆ ಏಳೆಂಟುನೂರು ಗುಂಡು ಬೇಕು. ದುಡ್ಡು ಎಲ್ಲಿ ಹೋಗುತ್ತದೆ ಅಂತ ಹೇಳುತ್ತೇನೆ.

ಅಗ್ಗದ ಅಚ್ಚು ಅಂದರೆ ಅಮೆರಿಕದಲ್ಲಿ ಮೊದಲು ಬಾಯಿಗೆ ಬರುವ ಹೆಸರು ಲೀ. ವಿಸ್ಕಾನ್ಸಿನ್‌ನ ಹಾರ್ಟ್‌ಫರ್ಡ್‌ನವರು, 1958ರಿಂದ ಇದ್ದಾರೆ. ಅಲ್ಯೂಮಿನಿಯಂ ಹೋಳು, ಎರಡು ಗುಳಿಯದಕ್ಕೆ ಹಿಡಿ ಜೊತೆಗೇ ಬರುತ್ತದೆ. ಇನ್ನೊಂದು ಕಡೆ ಲೈಮನ್, ಕನೆಕ್ಟಿಕಟ್‌ನವರು, 1878ರ ಕಂಪನಿ. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಬೆಳೆದ ಆರ್‌ಸಿಬಿಎಸ್ ಕೂಡ ಹಳಬರೇ. ಇವರಿಬ್ಬರದು ಕಬ್ಬಿಣ, ಉಕ್ಕಿನ ಜಾತಿ. ಹಿಡಿ ಬೇರೆ ಕೊಳ್ಳಬೇಕು. ಇದನ್ನು ಬೆಲೆ ಹೋಲಿಸುವಾಗ ಜನ ಮರೆಯುತ್ತಾರೆ. ಹಿತ್ತಾಳೆಯದು ಬೇಕಾದರೆ ಸ್ಲೊವೇನಿಯಾದ ಎಂಪಿ ಮೋಲ್ಡ್ಸ್ ಥರದವರು. ಅದು ಆಭರಣ. ಕೈಯಲ್ಲಿ ಹಿಡಿದರೆ ದೇವರಮನೆಯ ದೀಪ ಹಿಡಿದ ಹಾಗೆ ಭಾರ.

ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೂರ್ನಾಲ್ಕು ಪಟ್ಟು ಚುರುಕಾಗಿ ಬಿಸಿ ಸಾಗಿಸುತ್ತದೆ. ತೂಕ ಮೂರನೇ ಒಂದು ಭಾಗ. ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹೊಯ್ಯುವ ಲಯ ತಪ್ಪದ ಹಾಗೆ ನೋಡಿಕೊಂಡರೆ ಅದರಷ್ಟು ಸುಖ ಇನ್ನೊಂದಿಲ್ಲ. ಫೋನ್ ಬಂತು ಅಂತ ಎರಡು ನಿಮಿಷ ನಿಲ್ಲಿಸಿದಿರೋ, ಮತ್ತೆ ಮೊದಲಿಂದ ಕಾಯಿಸಿ. ಕಬ್ಬಿಣ ಹಾಗಲ್ಲ. ಕಾಯಲು ಸತಾಯಿಸುತ್ತದೆ, ಕಾದ ಮೇಲೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಎಣ್ಣೆ ಸವರದೆ ಇಟ್ಟರೆ ತುಕ್ಕು. ನಮ್ಮ ಹ್ಯೂಸ್ಟನ್ ಸೆಖೆಗೆ ಒಂದೇ ವಾರ ಸಾಕು. ಅಲ್ಯೂಮಿನಿಯಂಗೆ ಆ ಚಿಂತೆಯಿಲ್ಲ.

ಹೆಚ್ಚು ಕೊಟ್ಟ ದುಡ್ಡಿಗೆ ಸಿಗುವುದು ಮೂರು ಸಂಗತಿ ಅನ್ನಿಸುತ್ತದೆ ನನಗೆ. ಹೋಳುಗಳನ್ನು ಸರಿಯಾಗಿ ಕೂರಿಸುವ ಉಕ್ಕಿನ ಪಿನ್ನು. ದಪ್ಪನೆಯ ಸ್ಪ್ರೂ ಪ್ಲೇಟು. ಮತ್ತೆ ಗುಳಿ ಗುಳಿಗೂ ಒಂದೇ ಅಳತೆ. ಅಗ್ಗದ್ದರಲ್ಲಿ ಪಿನ್ನು ಸುತ್ತಲಿನ ಅಲ್ಯೂಮಿನಿಯಂ ಸವೆಯುವುದೇ ಮೊದಲು. ಅದಕ್ಕೆ ಪಿನ್ನಿಗೂ ಪ್ಲೇಟಿನ ಕೀಲಿಗೂ ಬಿಸಿ ಇದ್ದಾಗ ಜೇನುಮೇಣ ಒಂದು ಚೂರು ಮುಟ್ಟಿಸಿ. ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಯಲ್ಲಿ ಹತ್ತುವಷ್ಟು ಸಾಕು. ಜಾಸ್ತಿಯಾಗಿ ಗುಳಿಗೆ ಇಳಿದರೆ ಮತ್ತೆ ಸುಕ್ಕು, ಮತ್ತೆ ಟೂತ್‌ಬ್ರಷ್. ಹೀಗೆ ನೋಡಿಕೊಂಡ ನನ್ನ ಎರಡು ಗುಳಿಯ ಅಲ್ಯೂಮಿನಿಯಂ ಅಚ್ಚು ಹತ್ತು ಸಾವಿರ ಗುಂಡು ದಾಟಿದೆ.

ಅಗ್ಗದಲ್ಲೂ ಅಗ್ಗ ಒಂದಿದೆ. ಆನ್‌ಲೈನ್‌ನಲ್ಲಿ ಹೆಸರು ದೆಸೆ ಇಲ್ಲದ ಮಾಲು. ಒಂದು ಸಲ ಆಸೆಗೆ ಬಿದ್ದು ತರಿಸಿದೆ. ಎರಡು ಹೋಳು ಮುಚ್ಚಿ ಗುಳಿಯೊಳಗೆ ಉಗುರು ಆಡಿಸಿದರೆ ಮೆಟ್ಟಿಲು ತಗುಲುತ್ತಿತ್ತು. ಅಂದರೆ ಎಡ ಹೋಳು ಬಲಕ್ಕಿಂತ ಮೇಲೆ ಕೂತಿದೆ. ಅದಕ್ಕೆ ಯಾವ ಸೋಪೂ ಇಲ್ಲ, ಯಾವ ತವರವೂ ಇಲ್ಲ. ತಿಪಟೂರು, ನಿಮ್ಮದರಲ್ಲಿ ಹೀಗೇನಾದರೂ ಇದೆಯಾ ನೋಡಿ.

ತಿಪಟೂರು_ಟು_ಓಹಾಯೊ:
ಈಗಷ್ಟೇ ನೋಡಿದೆ ಅಕ್ಕ. ಮೆಟ್ಟಿಲಿಲ್ಲ. ಸಂದಿಯಲ್ಲಿ ಒಂದು ಕಡೆ ಬೆಳಕು ಕಾಣುತ್ತದೆ, ಅಲ್ಲೊಂದು ನೆಗ್ಗು. ನನ್ನದೇ ಸ್ಕ್ರೂಡ್ರೈವರ್ ಸಹಿ.

ಆ .356, .358 ಕಥೆ?

ಹಳೇಕುಲುಮೆ:
ಅದಕ್ಕೂ ಬರುತ್ತೇನೆ. ನಿಮ್ಮ ರಿವಾಲ್ವರ್ ನಳಿಗೆಯ ಒಳಗೆ ಕೊರೆದ ತೋಡುಗಳ ಅಡ್ಡಳತೆ ಸಾಮಾನ್ಯವಾಗಿ .357 ಇಂಚು. ಸೀಸದ ಗುಂಡು ಅದಕ್ಕಿಂತ ಒಂದು ಸಾವಿರಾಂಶ ದಪ್ಪ ಇರಬೇಕು, ಅಂದರೆ .358. ತೆಳ್ಳಗಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಗುಂಡಿನ ಮೈ ಕೊರೆಯುತ್ತದೆ, ಆ ಸೀಸ ನಳಿಗೆಗೆ ಬಳಿದುಕೊಳ್ಳುತ್ತದೆ. ಆಮೇಲೆ ಬ್ರಷ್ ಹಿಡಿದು ಕೂರಬೇಕು. ಆದ್ದರಿಂದ ನನ್ನ ಮಟ್ಟಿಗೆ ಅಚ್ಚಿನ ಗುಣಮಟ್ಟ ಅಂದರೆ ಹೊಳಪಲ್ಲ, ಈ ಒಂದು ಸಾವಿರಾಂಶ.

ಸುಕ್ಕಿದ್ದರೆ ಅಳತೆ ಸುಮ್ನೆ. ಪೂರ್ತಿ ತುಂಬದ ಗುಂಡನ್ನು ಅಳೆದು ಅಚ್ಚಿಗೆ ಮಾರ್ಕ್ಸ್ ಕೊಡಬಾರದು. ಮೊದಲು ನೆಟ್ಟಗೆ ಹೊಯ್ದು, ಒಂದೇ ಗುಂಡನ್ನು ಅಚ್ಚಿನ ಗೆರೆಯ ಮೇಲೊಮ್ಮೆ, ಅದಕ್ಕೆ ಅಡ್ಡವಾಗಿ ಒಮ್ಮೆ ಅಳೆಯಿರಿ. ಎರಡಕ್ಕೂ ಅರ್ಧ ಸಾವಿರಾಂಶದ ವ್ಯತ್ಯಾಸ ಇದ್ದರೆ ಚಿಂತೆ ಬೇಡ. ಎಲ್ಲ ಕಡೆ ಒಂದೇ ಸಮ ತೆಳ್ಳಗೆ ಬಂದರೆ ಹೋಳುಗಳ ಮುಖಕ್ಕೆ ಅಲ್ಯೂಮಿನಿಯಂ ಟೇಪ್ ಅಂಟಿಸಿ ದಪ್ಪ ಮಾಡುವ ಉಪಾಯವಿದೆ. ಬೀಗಲಿಂಗ್ ಅನ್ನುತ್ತಾರೆ. ಮಾಡಿದ್ದೇನೆ, ಕೆಲಸ ಆಗುತ್ತದೆ. ಡೈ ಮೇಕರ್ ಆಗಿ ನಾಚಿಕೆಯೂ ಆಗುತ್ತದೆ.

ಕಾಫಿತೋಟ:
ಮಡಿಕೇರಿ ಕಡೆಯವನು. ನಿಮ್ಮ ಮಾತು ಓದುತ್ತಾ ನಮ್ಮ ಅಜ್ಜನ ಪೆಟ್ಟಿಗೆ ನೆನಪಾಯಿತು. ಅದರಲ್ಲಿ ಇಕ್ಕಳದ ಥರದ ಒಂದು ಕಬ್ಬಿಣದ ಅಚ್ಚಿತ್ತು. ಬಾಯಿ ಮುಚ್ಚಿದರೆ ಒಳಗೆ ಒಂದೇ ಒಂದು ಉರುಟು ಗುಳಿ. ಬಾಯಿಂದ ಮದ್ದು ತುಂಬುವ ಹಳೇ ತೋಕ್‌ಗೆ, ಅಂದರೆ ಬಂದೂಕಿಗೆ, ಗೋಲಿ ಮಾಡಲು. ಹಿಡಿಗೆ ಮರ ಇರಲಿಲ್ಲ, ಬಟ್ಟೆ ಸುತ್ತಿ ಹಿಡಿಯುತ್ತಿದ್ದರಂತೆ. ಮೊದಲ ಹತ್ತು ಗೋಲಿ ಲೆಕ್ಕಕ್ಕಿಲ್ಲ ಅನ್ನುತ್ತಿದ್ದರು ಅಜ್ಜ. ಅಚ್ಚಿಗೆ ಜ್ವರ ಬರಬೇಕು, ಆಮೇಲೆ ಕೊಡುತ್ತದೆ ಅಂತ. ಈಗ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೋಕ್ ಜೊತೆ ಅದನ್ನೂ ಒರೆಸಿ ಪೂಜೆಗೆ ಇಡುತ್ತೇವೆ, ಅಷ್ಟೇ.

ಸುಮ್ನೆ_ಓದುವವ:
ಇದನ್ನು ಊರಲ್ಲಿ ಮಾಡಬಹುದಾ? ಕೊಡಗಿನವರಿಗೆ ಲೈಸೆನ್ಸ್ ಬೇಡ ಅಂತಾರಲ್ಲ. ಮತ್ತೆ ನಾನು ನ್ಯೂಜೆರ್ಸಿಯಲ್ಲಿ ಎಚ್1ಬಿ ಮೇಲಿದ್ದೇನೆ, ನಾನೂ ಶುರು ಮಾಡಲಾ?

ಕಾಫಿತೋಟ:
ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಮಾಡುವ ಹಾಗಿಲ್ಲ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಜಮೀನಿನವರಿಗೂ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವ, ಒಯ್ಯುವ ವಿಷಯದ್ದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಮದ್ದುಗುಂಡು ತಯಾರಿಸಲು ಅದು ಪರವಾನಗಿ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಲೈಸೆನ್ಸ್ ಇಲ್ಲದೆ ತಯಾರಿಸುವುದು ಅಪರಾಧ. ಅಜ್ಜನ ಅಚ್ಚು ಪೂಜೆಗೆ ಮಾತ್ರ ಅಂದಿದ್ದು ಅದಕ್ಕೇ.

ಶಾರದಕ್ಕ_ಟೆಕ್ಸಾಸ್:
ಎರಡನೆಯದಕ್ಕೆ ನಾನು. ತಮ್ಮಾ, ಎಚ್1ಬಿಯಲ್ಲಿ ಇರುವವರಿಗೆ ಅಮೆರಿಕದ ಫೆಡರಲ್ ಕಾನೂನು ಬಂದೂಕನ್ನೂ ಮದ್ದುಗುಂಡನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಅನ್ನುವಂಥ ಕೆಲವು ವಿನಾಯಿತಿಗಳಿವೆ. ಆದರೆ ನಾಲ್ಕು ಜನ ಹೇಳಿದರು ಅಂತ ನಂಬಿ ವೀಸಾ ಕಳೆದುಕೊಳ್ಳಬೇಡ, ವಕೀಲರನ್ನು ಕೇಳು. ಗ್ರೀನ್ ಕಾರ್ಡ್ ಬಂದ ಮೇಲೆ ದಾರಿ ಬೇರೆ. ಆಗಲೂ ನಿನ್ನ ರಾಜ್ಯದ ಕಾನೂನು ಬೇರೆಯೇ ಓದಬೇಕು. ಎರಕದ ಗುಂಡನ್ನು ಸ್ವಂತಕ್ಕೆ ಮಾಡಿಕೊಳ್ಳುವುದು ಒಂದು, ತೋಟಾ ತುಂಬಿ ಮಾರುವ ವ್ಯಾಪಾರ ಇನ್ನೊಂದು. ವ್ಯಾಪಾರಕ್ಕೆ ತಯಾರಕರ ಲೈಸೆನ್ಸ್ ಬೇಕು.

ಲೆಕ್ಕದಪುಸ್ತಕ:
ಸೀಸ ಪುಕ್ಕಟೆ ಅಂದರಲ್ಲ, ಅದೂ ಬಹಳ ದಿನ ನಡೆಯಲ್ಲ. ಚಕ್ರದ ಸೀಸದ ತೂಕವನ್ನು ಕ್ಯಾಲಿಫೋರ್ನಿಯಾ 2010ರಲ್ಲೇ ನಿಲ್ಲಿಸಿತು. ಯೂರೋಪ್ 2005ರಲ್ಲೇ. ಈಗ ಬಕೆಟ್ ತುಂಬಾ ಸತುವು, ಉಕ್ಕು.

ಹಳೇಕುಲುಮೆ:
ಇದು ಒಪ್ಪಿದೆ. ಸತುವು ಕರಗುವುದು 419 ಡಿಗ್ರಿಗೆ. ಬಿಸಿಯನ್ನು ಅದಕ್ಕಿಂತ ಕೆಳಗೇ ಇಟ್ಟರೆ ಸತುವಿನ ತುಂಡು ಮೇಲೆ ತೇಲುತ್ತದೆ, ಚಮಚದಲ್ಲಿ ಎತ್ತಿ ಬಿಸಾಡಿ. ಬೆರೆತು ಹೋದರೆ ಇಡೀ ಪಾತ್ರೆ ಗಂಜಿ. ಅದಕ್ಕೂ ಥರ್ಮಾಮೀಟರೇ. ನಮ್ಮ ಮಿಸೌರಿಯ ಹರ್ಕ್ಯುಲೇನಿಯಂನಲ್ಲಿ ಅದಿರಿನಿಂದ ಸೀಸ ತೆಗೆಯುವ ದೇಶದ ಕೊನೆಯ ಕುಲುಮೆ ಇತ್ತು. 2013ರ ಕೊನೆಯಲ್ಲಿ ಅದೂ ಮುಚ್ಚಿತು. ಈಗ ಇಲ್ಲಿ ಸಿಗುವ ದೇಶಿ ಸೀಸ ಹಳೇ ಬ್ಯಾಟರಿ ಕರಗಿಸಿದ್ದು. ಬ್ಯಾಟರಿಯನ್ನು ಮನೆಯಲ್ಲಿ ಕರಗಿಸಲು ಮಾತ್ರ ಹೋಗಬೇಡಿ. ಅದರಿಂದ ಬರುವ ವಿಷದ ಅನಿಲ ಕೊಲ್ಲುತ್ತದೆ.

ಶಾರದಕ್ಕ_ಟೆಕ್ಸಾಸ್:
ವಿಷದ ಮಾತು ಬಂತಲ್ಲ. ನಾನು ಕೆಲಸ ಮಾಡುವುದು ಆಸ್ಪತ್ರೆ ಲ್ಯಾಬ್‌ನಲ್ಲಿ. ಎಲ್ಲರೂ ಹೊಗೆಗೆ ಹೆದರುತ್ತಾರೆ. 380 ಡಿಗ್ರಿಯಲ್ಲಿ ಸೀಸದ ಆವಿ ತೀರಾ ಕಡಿಮೆ. ಮೋಸ ಮಾಡುವುದು ಮೇಲೆ ಕಟ್ಟುವ ಬೂದು ಕಿಟ್ಟದ ಪುಡಿ. ಅದು ಕೈಗೆ ಹತ್ತಿ, ಕೈಯಿಂದ ಬಾಯಿಗೆ ಹೋಗುತ್ತದೆ. ಬಟ್ಟೆಗೆ ಹತ್ತಿ ಮಗುವಿನ ಚಾಪೆಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ಸೀಸ ಸಿಕ್ಕಿದರೆ ಇಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ. 2021ಕ್ಕೆ ಮುಂಚೆ ಅದು 5 ಇತ್ತು. ನಿಮ್ಮ ಮನೆಯಲ್ಲಿ ಚಿಕ್ಕವರಿದ್ದಾರಾ ತಿಪಟೂರು?

ತಿಪಟೂರು_ಟು_ಓಹಾಯೊ:
ಮೂರು ವರ್ಷದ ಮಗಳು.

ಶಾರದಕ್ಕ_ಟೆಕ್ಸಾಸ್:
ಹಾಗಾದರೆ ಗ್ಯಾರೇಜ್‌ಗೆ ಬೇರೆ ಚಪ್ಪಲಿ, ಬೇರೆ ಅಂಗಿ. ಅಲ್ಲಿ ಕಾಫಿ ಕುಡಿಯಬೇಡಿ. ಹಳೇಕುಲುಮೆ ಸರ್ ಕಾಫಿ ಇಟ್ಟುಕೊಳ್ಳಿ ಅಂದಿದ್ದು ಓದಲು, ಎರಕಕ್ಕಲ್ಲ. ಗ್ಯಾರೇಜನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅದೂ ಪಾತ್ರೆ ಆರಿದ ಮೇಲೆ. ವರ್ಷಕ್ಕೊಮ್ಮೆ ನಿಮ್ಮ ರಕ್ತ ಪರೀಕ್ಷೆ ಮಾಡಿಸಿ.

ತಿಪಟೂರು_ಟು_ಓಹಾಯೊ:
ಎರಡು ವಾರ ಬಿಟ್ಟು ಬಂದೆ. ವರದಿ ಒಪ್ಪಿಸುತ್ತೇನೆ.

ನೆಗ್ಗು ಉಜ್ಜಿದೆ, ಸಂದಿಯ ಬೆಳಕು ಹೋಯಿತು. ಸೋಪಿನಲ್ಲಿ ಎರಡು ಸಲ ತೊಳೆದು, ಹಾಟ್‌ಪ್ಲೇಟ್ ಮೇಲೆ ಅರ್ಧ ಗಂಟೆ ಒಣಗಿಸಿದೆ. ತವರ ಸೇರಿಸಿದೆ. ಥರ್ಮಾಮೀಟರ್ 380 ತೋರಿಸಿದ ಮೇಲೆ ಕೈ ಹಚ್ಚಿದೆ. ಮೊದಲ ಹನ್ನೆರಡು ಗುಂಡು ಸುಕ್ಕೇ. ಕಾಫಿತೋಟದವರ ಅಜ್ಜನ ಮಾತು ನೆನಪಾಯಿತು, ಬೈಯದೆ ಪಾತ್ರೆಗೆ ವಾಪಸ್ ಹಾಕಿದೆ. ಹದಿಮೂರನೆಯದು ಬಿತ್ತು ನೋಡಿ! ಅಚ್ಚು ತೆರೆದರೆ ತಾನಾಗಿಯೇ ಬಟ್ಟೆ ಮೇಲೆ ಟಪ್ ಅಂತ ಉದುರಿತು. ತಳದ ಅಂಚು ಉಗುರಿಗೆ ಕಚ್ಚುವಷ್ಟು ಚೂಪು.

ಒಂದೂವರೆ ಗಂಟೆಯಲ್ಲಿ 310 ಗುಂಡು. ಆರಿಸಿ ತೆಗೆದ ಮೇಲೆ 274. ಐವತ್ತು ತೂಗಿದೆ. ಎಲ್ಲ 149ರಿಂದ 150.5 ಗ್ರೇನ್ ಒಳಗೆ. ದಪ್ಪ ಗೆರೆಯ ಮೇಲೆ .3585, ಅಡ್ಡಕ್ಕೆ .358. ಹಿಂದಿನ ಗುಳಿಯದು ಮುಂದಿನದಕ್ಕಿಂತ ಒಂದು ಕೂದಲೆಳೆ ಭಾರ, ಅದು ಅಚ್ಚಿನದೇ ದೋಷ. ಟಾರ್ಗೆಟ್‌ಗೆ ಅದು ಗೊತ್ತಾಗಲಿಲ್ಲ. ಇಪ್ಪತ್ತೈದು ಗಜದಿಂದ ಹೊಡೆದ ನನ್ನ ಗುಂಡುಗಳ ಗುಂಪು ಟಾರ್ಗೆಟ್ ಮೇಲೆ ಮೊದಲು ಎಷ್ಟು ಅಗಲ ಇತ್ತೋ ಈಗಲೂ ಅಷ್ಟೇ. ಅಲ್ಲಿ ಸುಧಾರಿಸಬೇಕಾದ್ದು ನನ್ನ ಕೈ.

ಇನ್ನು ದೋಷದ ಪಟ್ಟಿ. ಸ್ಪ್ರೂ ಪ್ಲೇಟಿನ ಸ್ಕ್ರೂ ಎರಡು ಸಲ ಸಡಿಲಾಯಿತು. ಹಿಡಿಯ ಮರ ಗಡಗಡ ಅನ್ನುತ್ತದೆ. ಕೈ ನೋಯುತ್ತಿದೆ. ಎರಡೆರಡೇ ಗುಂಡು ಹೊಯ್ಯುವುದು ಬೇಸರದ ಕೆಲಸ, ಮುಂದೆ ಆರು ಗುಳಿಯದು ನೋಡುತ್ತೇನೆ.

ಲೆಕ್ಕದಪುಸ್ತಕ:
274 ಗುಂಡು, ಗುಂಡಿಗೆ ಹನ್ನೆರಡು ಸೆಂಟ್. 32 ಡಾಲರ್ 88 ಸೆಂಟ್. ಸರಿ, ಅಚ್ಚಿನ ದುಡ್ಡು ಒಂದೇ ಮಧ್ಯಾಹ್ನಕ್ಕೆ ಬಂತು. ಬರೆದುಕೊಂಡೆ. ಥರ್ಮಾಮೀಟರ್ ಇನ್ನೂ ಬಾಕಿ.

ಹಳೇಕುಲುಮೆ:
ಆರು ಗುಳಿಯದು ತಗೊಳ್ಳುವಾಗ ಹಿಡಿ ಬೇರೆ ಕೊಳ್ಳಬೇಕು, ಮರೆಯಬೇಡಿ. ಸ್ಕ್ರೂ ಸಡಿಲಾಗುವುದಕ್ಕೆ ಅಡಿಗೆ ಒಂದು ಸ್ಪ್ರಿಂಗ್ ವಾಷರ್ ಹಾಕಿ.

ಶಾರದಕ್ಕ_ಟೆಕ್ಸಾಸ್:
ಎಲ್ಲ ಸರಿ. ಸೌಟಿನಲ್ಲಿ ಹೊಯ್ದೆ ಅಂತ ಮೊದಲ ದಿನ ಬರೆದಿದ್ದಿರಿ. ಯಾವ ಸೌಟು?

ತಿಪಟೂರು_ಟು_ಓಹಾಯೊ:
ಅಕ್ಕ, ಅದು... ಮನೆಯ ಸಾರಿನ ಸೌಟು. ಆ ದಿನವೇ ಗ್ಯಾರೇಜ್ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ, ಒಳಗೆ ಹೋಗಿಲ್ಲ. ಇವಳು ಮೂರು ದಿನದಿಂದ ಹುಡುಕುತ್ತಿದ್ದಾಳೆ. ಇವತ್ತು ಸಂಜೆ ಇಂಡಿಯನ್ ಅಂಗಡಿಗೆ ಹೋಗಿ ಹೊಸದು ತರುತ್ತೇನೆ.

ಲೆಕ್ಕದಪುಸ್ತಕ:
ಸೌಟು ಎಷ್ಟಾಯಿತು ಅಂತ ಹೇಳಿ. ಖಾತೆಗೆ ಸೇರಿಸಬೇಕು.